ತುಮಕೂರಿನ ಹಾಸ್ಟೆಲ್, ಪಿ.ಜಿ. ರೂಮುಗಳಲ್ಲಿ ನಿದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾವಗಡದ ಹುಡುಗ, ಮಣಿಪುರದ ಹುಡುಗ, ಮಲಪ್ಪುರಂನ ಹುಡುಗ ಮೂವರೂ ಒಂದೇ ರೂಮಿನಲ್ಲಿರುವುದು ಈಗ ತುಮಕೂರಿನಲ್ಲಿ ಹೊಸದೇನಲ್ಲ. ಒಬ್ಬ ಒಂಬತ್ತೂವರೆಗೇ ಹೊದಿಕೆ ಎಳೆದುಕೊಳ್ಳುತ್ತಾನೆ, ಇನ್ನೊಬ್ಬನಿಗೆ ಒಂದು ಗಂಟೆಯಾದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಜಗಳ ಟ್ಯೂಬ್‌ಲೈಟಿನಿಂದ ಶುರುವಾಗಿ "ನಿಮ್ಮ ಕಡೆಯವರೇ ಹೀಗೆ" ಎನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಊರಿಂದ ಊರಿಗೆ ಬದಲಾಗುವುದು ಮಲಗುವ ಹೊತ್ತು, ಮಲಗುವ ಜಾಗ, ಜೊತೆಗೆ ಮಲಗುವ ಜನ. ದೇಹಕ್ಕೆ ಬೇಕಾದ ನಿದ್ದೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಇದಿಷ್ಟು ಮನಸ್ಸಿನಲ್ಲಿದ್ದರೆ ಕೆಳಗಿನ ಉತ್ತರಗಳು ಸುಲಭವಾಗಿ ಅರ್ಥವಾಗುತ್ತವೆ. ವಿದ್ಯಾರ್ಥಿಗಳಿಗೆ, ವಾರ್ಡನ್‌ಗಳಿಗೆ, ಊರಲ್ಲಿ ಕೂತು ಚಿಂತೆ ಮಾಡುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆದಿದ್ದೇವೆ.

ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಮೈ ಭಾರ. ಹಾಗಾದರೆ "ಒಳ್ಳೆಯ ನಿದ್ದೆ" ಅಂದರೆ ಏನು?

18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕು. ಆದರೆ ಗಂಟೆಯ ಲೆಕ್ಕ ಒಂದು ಭಾಗ ಮಾತ್ರ. ಮಲಗಿದ ಮೇಲೆ ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು, ನಡುವೆ ಎಷ್ಟು ಸಲ ಎಚ್ಚರವಾಯಿತು, ದಿನವೂ ಒಂದೇ ಹೊತ್ತಿಗೆ ಮಲಗಿ ಏಳುತ್ತೀರಾ, ಹಗಲು ತರಗತಿಯಲ್ಲಿ ತೂಕಡಿಕೆ ಬರುತ್ತದೆಯೇ, ಇವೆಲ್ಲ ಸೇರಿ ಗುಣಮಟ್ಟವಾಗುತ್ತದೆ. ರಾತ್ರಿಯ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆ ಹೆಚ್ಚಾಗಿ ಮೊದಲರ್ಧದಲ್ಲಿ, ಕನಸಿನ ನಿದ್ದೆ ಹೆಚ್ಚಾಗಿ ಕೊನೆಯ ಎರಡು ಮೂರು ಗಂಟೆಗಳಲ್ಲಿ. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ಅದು ಪೂರ್ತಿ ಕೋಳಿನಿದ್ದೆಯಾದರೆ ಮೈ ಭಾರವಾಗದೆ ಇನ್ನೇನು?

ಇದನ್ನು ಅಳೆಯುವುದು ಹೇಗೆ?

ಪ್ರಪಂಚದಾದ್ಯಂತ ವಿದ್ಯಾರ್ಥಿಗಳ ಮೇಲೆ ಹೆಚ್ಚಾಗಿ ಬಳಸುವುದು ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕ. 1989ರಲ್ಲಿ ಡೇನಿಯಲ್ ಬೈಸಿ ಮತ್ತು ಸಂಗಡಿಗರು ಪ್ರಕಟಿಸಿದ್ದು. ಕಳೆದ ಒಂದು ತಿಂಗಳ ಬಗ್ಗೆ 19 ಪ್ರಶ್ನೆ, ಅವುಗಳಿಂದ 7 ಅಂಶ, ಒಂದೊಂದಕ್ಕೆ 0ಯಿಂದ 3, ಒಟ್ಟು 21. ಇಲ್ಲಿ ಅಂಕ ಹೆಚ್ಚಾದಷ್ಟೂ ನಿದ್ದೆ ಕೆಟ್ಟಿದೆ ಎಂದರ್ಥ. 5 ದಾಟಿದರೆ "ಕಳಪೆ ನಿದ್ದೆ".

ಏಳರಲ್ಲಿ ಎರಡನ್ನು ನೀವೇ ಈಗಲೇ ಲೆಕ್ಕ ಹಾಕಬಹುದು. ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ 6.30ಕ್ಕೆ ಎದ್ದಿರಿ, ಹಾಸಿಗೆಯಲ್ಲಿ ಕಳೆದದ್ದು ಏಳೂವರೆ ಗಂಟೆ. ನಿದ್ದೆ ಹತ್ತಲು 45 ನಿಮಿಷ ಹೋಯಿತು, ನಡುವೆ ಎರಡು ಸಲ ಎದ್ದು ಒಂದು ಗಂಟೆ ಹೋಯಿತು. ನಿಜವಾಗಿ ಮಲಗಿದ್ದು 5.75 ಗಂಟೆ. ಅದನ್ನು 7.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 77. ಇದಕ್ಕೆ ನಿದ್ದೆಯ ದಕ್ಷತೆ ಎನ್ನುತ್ತಾರೆ. 85ಕ್ಕೆ ಮೇಲಿದ್ದರೆ 0, 75–84ಕ್ಕೆ 1, 65–74ಕ್ಕೆ 2, ಅದಕ್ಕೂ ಕೆಳಗಿದ್ದರೆ 3. ನಿಮಗೆ ಇಲ್ಲಿ 1. ಅವಧಿ 5–6 ಗಂಟೆಯಾದ್ದರಿಂದ 2. ಎರಡೇ ಅಂಶದಲ್ಲಿ ಆಗಲೇ 3 ಬಂತು, ಉಳಿದ ಐದರಲ್ಲಿ ಇನ್ನು 3 ಸೇರಿದರೆ ಗೆರೆ ದಾಟಿದಿರಿ.

ನಮ್ಮ ಪ್ರಾಜೆಕ್ಟಿಗೆ ಬೇರೆ ಬೇರೆ ರಾಜ್ಯ, ದೇಶದ ವಿದ್ಯಾರ್ಥಿಗಳ ಅಂಕ ಹೋಲಿಸಬೇಕು. ಎಲ್ಲಿ ಎಡವುತ್ತೇವೆ?

ಮನಃಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಓದುವವರು ಈ ಪ್ರಶ್ನೆ ಕೇಳಲೇಬೇಕು, ಏಕೆಂದರೆ ಎಡವುವ ಕಡೆಗಳು ಬೇಕಾದಷ್ಟಿವೆ.

ಮೊದಲನೆಯದು ಆ 5ರ ಗೆರೆ. ಅದು ಹುಟ್ಟಿದ್ದು ಅಮೆರಿಕದ ಒಂದು ನಗರದಲ್ಲಿ, 52 ಮಂದಿ ಆರೋಗ್ಯವಂತರನ್ನು ಖಿನ್ನತೆಯ 54 ಹಾಗೂ ನಿದ್ರಾರೋಗದ 62 ಮಂದಿಯಿಂದ ಬೇರ್ಪಡಿಸಿ ನೋಡಿದಾಗ. ಹಾಸ್ಟೆಲ್ ವಿದ್ಯಾರ್ಥಿಗಳನ್ನು ಅದರಲ್ಲಿ ಅಳೆದರೆ ಬಹಳ ಮಂದಿ 5 ದಾಟುತ್ತಾರೆ. ಅವರಿಗೆಲ್ಲ ಕಾಯಿಲೆ ಇದೆ ಎಂದು ಬರೆಯಬೇಡಿ. ಗೆರೆಯ ಜೊತೆಗೆ ಏಳೂ ಅಂಶಗಳ ಸರಾಸರಿಯನ್ನು ಬೇರೆ ಬೇರೆಯಾಗಿ ಕೊಡಿ. ಎರಡು ಗುಂಪಿಗೂ ಒಟ್ಟು 7 ಅಂಕ ಬಂದಿರಬಹುದು, ಆದರೆ ಒಂದಕ್ಕೆ ನಿದ್ದೆ ಹತ್ತುವುದು ತಡ, ಇನ್ನೊಂದಕ್ಕೆ ಸೆಕೆ ಮತ್ತು ಸೊಳ್ಳೆ.

ಎರಡನೆಯದು ಹಗಲು ನಿದ್ದೆ. ಸೂಚ್ಯಂಕ ಕೇಳುವುದು ರಾತ್ರಿಯ ನಿದ್ದೆಯನ್ನು ಮಾತ್ರ. ಮಧ್ಯಾಹ್ನ ಒಂದು ಗಂಟೆ ಮಲಗುವುದು ರೂಢಿಯಾಗಿರುವ ಕಡೆಯವರ ನಿದ್ದೆ ಕಾಗದದ ಮೇಲೆ ಕಡಿಮೆ ಕಾಣುತ್ತದೆ. ಜಪಾನಿನಲ್ಲಿ ಸಭೆಯಲ್ಲಿ, ರೈಲಿನಲ್ಲಿ ಕೂತಲ್ಲೇ ತೂಕಡಿಸುವುದಕ್ಕೆ "ಇನೆಮುರಿ" ಎಂದು ಹೆಸರೇ ಇದೆ, ಅದನ್ನು ಅಲ್ಲಿ ಅಷ್ಟಾಗಿ ತಪ್ಪೆಣಿಸುವುದಿಲ್ಲ. ನಮ್ಮಲ್ಲಿ ಮೇಷ್ಟ್ರು ಚಾಕ್‌ಪೀಸ್ ಎಸೆಯುತ್ತಾರೆ. ಹಾಗಾಗಿ "ಹಗಲು ತೂಕಡಿಕೆ ಬರುತ್ತದೆಯೇ" ಎಂಬ ಪ್ರಶ್ನೆಗೆ ಒಬ್ಬರು ಸಹಜವಾಗಿ ಹೌದೆನ್ನುತ್ತಾರೆ, ಇನ್ನೊಬ್ಬರು ಮುಚ್ಚಿಡುತ್ತಾರೆ. ಹಗಲು ನಿದ್ದೆಗೆ ಬೇರೆ ಪ್ರಶ್ನೆ ಸೇರಿಸಿ, ಆದರೆ ಅದನ್ನು ಒಟ್ಟು ಅಂಕಕ್ಕೆ ಕೂಡಬೇಡಿ.

ಮೂರನೆಯದು ಮಾತು. ಕನ್ನಡದ ವಿದ್ಯಾರ್ಥಿ "ಆತಂಕದಿಂದ ನಿದ್ದೆ ಬರಲಿಲ್ಲ" ಎಂದು ಬರೆಯುವುದಕ್ಕಿಂತ "ತಲೆ ಭಾರ", "ಮೈಕೈ ನೋವು", "ಕಣ್ಣುರಿ" ಎನ್ನುವುದೇ ಹೆಚ್ಚು. ಮಂಪರು, ಜೊಂಪು, ತೂಕಡಿಕೆ ಮೂರೂ ಒಂದೇ ಅಲ್ಲ. ಪ್ರಶ್ನೆಯನ್ನು ಕನ್ನಡಕ್ಕೆ ತಂದ ಮೇಲೆ ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಹತ್ತು ಮಂದಿಗೆ ಕೊಟ್ಟು "ಈ ಪ್ರಶ್ನೆ ನಿನಗೆ ಏನು ಕೇಳ್ತಿದೆ ಅನಿಸಿತು?" ಎಂದು ಬಾಯಲ್ಲಿ ಹೇಳಿಸಿದರೆ ತಪ್ಪು ತಾನಾಗಿ ಹೊರಬೀಳುತ್ತದೆ.

ಇನ್ನು ಸಮಯ. ಒಂದು ಗುಂಪಿನಿಂದ ಇಂಟರ್ನಲ್ಸ್ ವಾರದಲ್ಲಿ, ಇನ್ನೊಂದರಿಂದ ರಜೆ ಮುಗಿದ ವಾರದಲ್ಲಿ ಉತ್ತರ ತೆಗೆದುಕೊಂಡರೆ ನೀವು ಹೋಲಿಸುತ್ತಿರುವುದು ಸಂಸ್ಕೃತಿಯನ್ನಲ್ಲ, ಪರೀಕ್ಷೆಯನ್ನು.

ಈಶಾನ್ಯ ರಾಜ್ಯದ ರೂಮ್‌ಮೇಟ್ ಇಷ್ಟು ಬೇಗ ಮಲಗಿ ಇಷ್ಟು ಬೇಗ ಏಳುವುದು ಏಕೆ?

ಗಡಿಯಾರ ಒಂದೇ ಆದರೂ ಸೂರ್ಯ ಒಂದೇ ಹೊತ್ತಿಗೆ ಹುಟ್ಟುವುದಿಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ತುಮಕೂರು 77.1ರಲ್ಲಿದೆ, ಇಂಫಾಲ ಸುಮಾರು 93.9ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಒಂದು ಗಂಟೆ ಏಳು ನಿಮಿಷದ ವ್ಯತ್ಯಾಸ. ಜೂನ್‌ನಲ್ಲಿ ಇಂಫಾಲದಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮೇಲಿರುತ್ತಾನೆ, ಇಲ್ಲಿ ಆರರ ಹತ್ತಿರ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೇ ಸಂಜೆ ಮುಗಿಯುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಇದೇ ಕಾರಣಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನಡೆಸುವ "ಬಾಗಾನ್ ಟೈಮ್" ಇದೆ.

ಮನೆಯಲ್ಲಿ ಆರೂವರೆಗೆ ರಾತ್ರಿ ಊಟ ಮುಗಿಸಿ ಬೆಳೆದ ಹುಡುಗಿಗೆ ಇಲ್ಲಿನ ಮೆಸ್ ಎಂಟೂವರೆಗೆ ತಟ್ಟೆ ಕೊಟ್ಟರೆ ಹೊಟ್ಟೆಯೂ ನಿದ್ದೆಯೂ ಎರಡೂ ಕೆಡುತ್ತವೆ. ಕೆಲವು ದಿನಗಳಲ್ಲಿ ದೇಹ ಇಲ್ಲಿನ ಬಿಸಿಲಿಗೆ ಒಗ್ಗುತ್ತದೆ. ಅಲ್ಲಿಯವರೆಗೆ ಏಳು ಗಂಟೆಗೆ ತಿನ್ನಲು ಬಾಳೆಹಣ್ಣು, ಚಪಾತಿ ಎತ್ತಿಡಲು ಮೆಸ್‌ನವರಿಗೆ ಹೇಳಿ.

ಆಫ್ರಿಕಾದಿಂದ ಬಂದ ವಿದ್ಯಾರ್ಥಿಗೆ ಇಲ್ಲಿನ ಸಮಯಕ್ಕೆ ಹೊಂದಲು ಎಷ್ಟು ದಿನ ಬೇಕು?

ನೈಜೀರಿಯಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಕೀನ್ಯಾ, ತಾಂಜಾನಿಯಾ ಎರಡೂವರೆ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ ಸರಿಯುತ್ತದೆ. ನೈಜೀರಿಯಾದ ಲಾಗೋಸ್‌ ನಗರದಿಂದ ಬಂದವರಿಗೆ ಐದಾರು ದಿನ ಎಂದಿಟ್ಟುಕೊಳ್ಳಿ. ಮನುಷ್ಯನ ಒಳಗಡಿಯಾರದ ಸುತ್ತು 24 ಗಂಟೆಗಿಂತ ಸ್ವಲ್ಪ ಉದ್ದ. ಅದಕ್ಕೇ ಪೂರ್ವಕ್ಕೆ ಬಂದವರಿಗೆ ಕಷ್ಟ ಹೆಚ್ಚು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. "ಬೆಳಿಗ್ಗೆ ಬೇಗ ಎದ್ದು ಬಿಸಿಲಿಗೆ ಹೋಗು" ಎಂದು ಮೊದಲ ದಿನವೇ ಕಳಿಸುತ್ತಾರೆ. ಲಾಗೋಸ್‌ನಲ್ಲಿ ಏಳಕ್ಕೆ ಏಳುತ್ತಿದ್ದವನ ದೇಹದ ಉಷ್ಣತೆ ತೀರ ಕೆಳಗಿಳಿಯುವುದು ಅಲ್ಲಿನ ನಾಲ್ಕೂವರೆಯ ಸುಮಾರಿಗೆ, ಅಂದರೆ ಇಲ್ಲಿನ ಒಂಬತ್ತಕ್ಕೆ. ಅದಕ್ಕಿಂತ ಮೊದಲು ಬೀಳುವ ಜೋರು ಬೆಳಕು ಗಡಿಯಾರವನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಮೊದಲ ದಿನ ಒಂಬತ್ತರವರೆಗೆ ಕಿಟಕಿ ಪರದೆ ಎಳೆದಿರಲಿ, ಒಂಬತ್ತೂವರೆಯಿಂದ ಹನ್ನೊಂದೂವರೆ ಹೊರಗೆ ತಿರುಗಾಡಲಿ. ಮರುದಿನ ಎಂಟೂವರೆಗೆ, ಅದರ ಮರುದಿನ ಏಳೂವರೆಗೆ, ಹೀಗೆ ಸರಿಸಿ. ಮೋಡವಿದ್ದರೂ ಹೊರಗಿನ ಬೆಳಕು ರೂಮಿನ ಟ್ಯೂಬ್‌ಲೈಟಿಗಿಂತ ಹತ್ತಾರು ಪಟ್ಟು ಜೋರು. ಐದನೇ ದಿನದಿಂದ ಅಮಾನಿಕೆರೆಯ ಬೆಳಗಿನ ವಾಕಿಂಗ್‌ಗೆ ಕರೆದುಕೊಂಡು ಹೋಗಬಹುದು.

ಇನ್ನೊಂದು, ಮನೆಯವರ ಫೋನ್. ಇಲ್ಲಿ ಹನ್ನೊಂದಾದಾಗ ಲಾಗೋಸ್‌ನಲ್ಲಿ ಸಂಜೆ ಆರೂವರೆ, ಅಮ್ಮ ಮಾತಾಡಲು ಬಿಡುವಾಗುವ ಹೊತ್ತು. ಮಾತು ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ? ನಮ್ಮ ಮಧ್ಯಾಹ್ನದ ಊಟದ ಬಿಡುವು ಅವರ ಬೆಳಗಿನ ಎಂಟೂವರೆ–ಒಂಬತ್ತು. ಕರೆಯನ್ನು ಅಲ್ಲಿಗೆ ಸರಿಸಿಕೊಳ್ಳಿ.

ನಮ್ಮ ಮಗ ರಾತ್ರಿ ಒಂದರವರೆಗೆ ಎದ್ದಿರುತ್ತಾನೆ, ರಜೆಯಲ್ಲಿ ಹತ್ತಕ್ಕೆ ಏಳುತ್ತಾನೆ. ಸೋಮಾರಿತನವೇ?

ಮೊಬೈಲಿನ ಪಾಲು ಇದೆ, ನಿಜ. ಆದರೆ ವಯಸ್ಸಿನ ಪಾಲೂ ಇದೆ. ಮನುಷ್ಯ ಅತಿ ತಡವಾಗಿ ಮಲಗುವ ಪ್ರವೃತ್ತಿ ಹೆಣ್ಣುಮಕ್ಕಳಲ್ಲಿ 19–20ರ ಸುಮಾರಿಗೆ, ಗಂಡುಮಕ್ಕಳಲ್ಲಿ 21ರ ಸುಮಾರಿಗೆ ತುದಿ ಮುಟ್ಟಿ ಅನಂತರ ಇಳಿಯುತ್ತದೆ ಎಂದು 2004ರಲ್ಲಿ ಮ್ಯೂನಿಕ್‌ನ ಟಿಲ್ ರೋಯೆನ್ನೆಬರ್ಗ್ ತಂಡ ತೋರಿಸಿತು. ಡಿಗ್ರಿಯ ವರ್ಷಗಳು ಸರಿಯಾಗಿ ಆ ತುದಿಯಲ್ಲೇ ಬರುತ್ತವೆ. ಬೈಯುವ ಮುನ್ನ ಇದು ನೆನಪಿರಲಿ. ಕೆಡುಕಾಗುವುದು ವಾರದ ದಿನ ಆರಕ್ಕೆ, ಭಾನುವಾರ ಹತ್ತಕ್ಕೆ ಏಳುವುದರಿಂದ. ಆ ನಾಲ್ಕು ಗಂಟೆಯ ಅಂತರ ಪ್ರತಿ ವಾರ ಲಾಗೋಸ್‌ಗೆ ಹೋಗಿಬಂದ ಹಾಗೆ. ಭಾನುವಾರ ಒಂದು ಗಂಟೆ ತಡವಾಗಿ ಎದ್ದರೆ ಸಾಕು, ಬಾಕಿ ನಿದ್ದೆಯನ್ನು ಶನಿವಾರ ಬೇಗ ಮಲಗಿ ತೀರಿಸಲಿ.

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಎನ್ನುತ್ತಾರಲ್ಲ?

ಸೂರ್ಯೋದಯಕ್ಕೆ 96 ನಿಮಿಷ ಮೊದಲು ಅದು ಶುರು, ಆರೂವರೆಗೆ ಸೂರ್ಯ ಹುಟ್ಟಿದರೆ ಐದಕ್ಕೆ ಸ್ವಲ್ಪ ಮೊದಲು. ಒಂಬತ್ತೂವರೆಗೆ ಮಲಗುವವರಿಗೆ ಬಹಳ ಒಳ್ಳೆಯ ಹೊತ್ತು. ಮಠದ ವಿದ್ಯಾರ್ಥಿನಿಲಯಗಳಲ್ಲಿ ಬೆಳಗಿನ ಸಾಮೂಹಿಕ ಪ್ರಾರ್ಥನೆಗೆ ಎದ್ದು ಬೆಳೆದ ಮಕ್ಕಳಿಗೆ ಅದು ಮೈಗೂಡಿರುತ್ತದೆ, ಅವರು ಬೇಗ ಮಲಗಿಯೂ ಇರುತ್ತಾರೆ. ಹನ್ನೆರಡಕ್ಕೆ ಮಲಗಿ ಐದಕ್ಕೆ ಎದ್ದರೆ ಕತ್ತರಿ ಬೀಳುವುದು ಕೊನೆಯ ಕನಸಿನ ನಿದ್ದೆಗೆ. ಏಳುವ ಹೊತ್ತು ಹಿಂದಕ್ಕೆ ಬಂದಷ್ಟೇ ಮಲಗುವ ಹೊತ್ತೂ ಬರಬೇಕು.

ರಂಜಾನ್ ತಿಂಗಳಲ್ಲಿ ನಿದ್ದೆ ಹೊಂದಿಸುವುದು ಹೇಗೆ?

ಎರಡು ತುಂಡು ಮಾಡಿ. ರಾತ್ರಿಯ ತರಾವೀಹ್ ನಮಾಜು ಮುಗಿಸಿ ಹತ್ತೂವರೆಗೆ ಮಲಗಿ ಸಹರಿಗೆ, ಅಂದರೆ ಉಪವಾಸಕ್ಕೆ ಮುನ್ನಿನ ನಸುಕಿನ ಊಟಕ್ಕೆ, ನಾಲ್ಕೂಕಾಲಿಗೆ ಎದ್ದರೆ ಐದೂಮುಕ್ಕಾಲು ಗಂಟೆ. ಬೆಳಗಿನ ಫಜರ್ ನಮಾಜು ಆದ ಮೇಲೆ ಆರರಿಂದ ಏಳೂಕಾಲು. ಒಟ್ಟು ಏಳು ಗಂಟೆ ಸಿಕ್ಕಿತು. ಕೆಡುವುದು ಇಫ್ತಾರ್ ನಂತರ ಸಹರಿವರೆಗೂ ಎದ್ದೇ ಇದ್ದು, ತರಗತಿಯ ಹೊತ್ತಿಗೆ ಮಲಗುವವರದ್ದು. ಸಹರಿಗೆ ಅಲಾರಂ ಬದಲು ಕೈಗೆ ಕಟ್ಟುವ ಬ್ಯಾಂಡ್‌ನ ಕಂಪನ ಇಟ್ಟುಕೊಂಡರೆ ಮಿಕ್ಕವರ ನಿದ್ದೆ ಉಳಿಯುತ್ತದೆ. ಸಹರಿ ಡಬ್ಬಿಯನ್ನು ರಾತ್ರಿಯೇ ರೂಮಿನ ಹೊರಗಿಡಿ, ಸ್ಟೀಲ್ ಮುಚ್ಚಳದ ಸದ್ದು ನಾಲ್ಕು ಗಂಟೆಗೆ ಇಡೀ ಸಾಲಿಗೆ ಕೇಳಿಸುತ್ತದೆ.

ಒಂದೇ ರೂಮು, ಮೂರು ಥರದ ನಿದ್ದೆ. ಜಗಳವಿಲ್ಲದೆ ಹೇಗೆ?

ಸೆಮಿಸ್ಟರಿನ ಮೊದಲ ವಾರ ಮೂವರೂ ಕೂತು ಮೂರು ಹೊತ್ತು ನಿಗದಿ ಮಾಡಿ: ದೊಡ್ಡ ಲೈಟ್ ಆರಿಸುವುದು, ಸ್ಪೀಕರ್ ಮತ್ತು ಫೋನ್ ಮಾತು ನಿಲ್ಲಿಸುವುದು, ಬೆಳಗಿನ ಮೊದಲ ಅಲಾರಂ. ಕಾಗದದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಗೋಡೆ ಮೇಲಿದ್ದರೆ "ಮಗಾ, ಹನ್ನೊಂದಾಯ್ತು ನೋಡೋ" ಎಂದರೆ ಸಾಕು, ಬೇಜಾರಾಗುವುದಿಲ್ಲ.

ತಡವಾಗಿ ಓದುವವರು ಹಳದಿ ಬಲ್ಬಿನ ಕ್ಲಿಪ್ ಲ್ಯಾಂಪ್ ತಂದು ಬೆಳಕು ಪುಸ್ತಕದ ಮೇಲಷ್ಟೇ ಬೀಳುವಂತೆ ಗೋಡೆ ಕಡೆ ತಿರುಗಿಸಿ. ಬೇಗ ಮಲಗುವವರು ಕಾಟನ್ ಟವೆಲನ್ನು ಉದ್ದಕ್ಕೆ ಮಡಚಿ ಕಣ್ಣ ಮೇಲಿಟ್ಟುಕೊಳ್ಳಿ. ಬೇಗ ಏಳುವವರು ಬಕೆಟ್, ಸೋಪ್, ಬಟ್ಟೆಯನ್ನು ರಾತ್ರಿಯೇ ಬಾಗಿಲ ಬಳಿ ಇಡಿ. ಅರೆನಿದ್ದೆ ಕೆಡಿಸುವುದು ಒಂದೇ ಸಮನೆಯ ಸದ್ದಿಗಿಂತ ತಟ್ಟನೆ ಬರುವ ಸದ್ದು: ಕಬ್ಬಿಣದ ಬೀರುವಿನ ಬಾಗಿಲು, ಪ್ಲಾಸ್ಟಿಕ್ ಕವರಿನ ಸರಪರ. ಫ್ಯಾನಿನ ಗುಂಯ್ ಸದ್ದು ಉಲ್ಟಾ ಒಳ್ಳೆಯದೇ, ಬೇರೆ ಸದ್ದನ್ನು ಅದು ನುಂಗುತ್ತದೆ.

ಒಂದು ಮಾತು ಹೇಳಲೇಬೇಕು. ಹಜಾರದಲ್ಲಿ ಅಜ್ಜಿ, ಅಣ್ಣತಮ್ಮಂದಿರ ಜೊತೆ ಚಾಪೆ ಹಾಸಿ ಬೆಳೆದವರಿಗೆ ಗದ್ದಲ ತೊಂದರೆ ಕೊಡದೇ ಇರಬಹುದು, ಅವರಿಗೆ ಒಂಟಿ ರೂಮಿನ ಮೌನವೇ ಕಷ್ಟ. ತನ್ನದೇ ಕೋಣೆಯಲ್ಲಿ ಬೆಳೆದವರಿಗೆ ಪಕ್ಕದವರ ಉಸಿರೂ ಕೇಳಿಸುತ್ತದೆ. "ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ಹಿಡಿದು ಎರಡನೆಯವರನ್ನು ನಾಜೂಕು ಎಂದು ಆಡಿಕೊಳ್ಳುವುದು ಅನ್ಯಾಯ.

ಮಧ್ಯಾಹ್ನ ಮುದ್ದೆ ಉಂಡು ಮಲಗಬಹುದೇ?

20 ನಿಮಿಷ, ಮೂರು ಗಂಟೆಯೊಳಗೆ. ಒಂದರಿಂದ ಮೂರರ ನಡುವಿನ ಜೊಂಪು ಊಟ ಮಾಡದಿದ್ದರೂ ಬರುತ್ತದೆ, ಮುದ್ದೆ ಬಸ್ಸಾರು ಅದನ್ನು ಹೆಚ್ಚಿಸುವುದಷ್ಟೇ. ಮುಕ್ಕಾಲು ಗಂಟೆ ದಾಟಿದರೆ ಗಾಢ ನಿದ್ದೆಯ ಮಧ್ಯೆ ಎದ್ದು ಅರ್ಧ ಗಂಟೆ ತಲೆ ಮಂಕಾಗಿರುತ್ತದೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ, ಇಲ್ಲದಿದ್ದರೆ ಹುಳಿತೇಗು ಎಬ್ಬಿಸುತ್ತದೆ.

ಕಾಫಿ, ಟೀ ಎಷ್ಟು ಹೊತ್ತಿಗೆ ನಿಲ್ಲಿಸಬೇಕು?

ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ನಿದ್ದೆ ಒತ್ತುತ್ತದೆ. ಕೆಫೀನ್ ಅದರ ಜಾಗದಲ್ಲಿ ಕೂತು ಅದು ಕೆಲಸ ಮಾಡದಂತೆ ತಡೆಯುತ್ತದೆ. ಕುಡಿದದ್ದರ ಅರ್ಧ ದೇಹದಿಂದ ಹೋಗಲು ಸುಮಾರು 5 ಗಂಟೆ. ಸಂಜೆ ಆರರ ಗಟ್ಟಿ ಫಿಲ್ಟರ್ ಕಾಫಿಯ ಅರ್ಧ ಹನ್ನೊಂದಕ್ಕೂ ಒಳಗಿರುತ್ತದೆ. ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರು ಒಂದು ಗಂಟೆಗೂ ಹೆಚ್ಚು ನಿದ್ದೆ ಕಳೆದುಕೊಂಡದ್ದು 2013ರ ಒಂದು ಪ್ರಯೋಗದಲ್ಲಿ ಕಂಡಿತು. ನಮ್ಮಲ್ಲಿ ಎನರ್ಜಿ ಡ್ರಿಂಕ್‌ಗೆ ಲೀಟರಿಗೆ 300 ಮಿಲಿಗ್ರಾಂ ಮಿತಿ ಇದೆ, 250 ಮಿ.ಲೀ. ಡಬ್ಬಿಗೆ 75. ಎರಡು ಡಬ್ಬಿ, ಎರಡು ಟೀ ಸೇರಿದರೆ ಸುಮ್ಮನಲ್ಲ. ಸಂಜೆ ನಾಲ್ಕು ಕೊನೆ ಎಂದು ಇಟ್ಟುಕೊಳ್ಳಿ.

ದಿನಾ ಶಿರಾ, ಮಧುಗಿರಿ, ಕುಣಿಗಲ್‌ನಿಂದ ಓಡಾಡುತ್ತೇನೆ. ಬಸ್ಸಿನ ನಿದ್ದೆ ಲೆಕ್ಕಕ್ಕೆ ಬರುತ್ತದೆಯೇ?

ತೂಕಡಿಕೆ ಕಳೆಯಲು ಬೆಳಗಿನ ಬಸ್ಸಿನ ನಿದ್ದೆ ಪರವಾಗಿಲ್ಲ. ಸಂಜೆ ಆರರ ಬಸ್ಸಿನಲ್ಲಿ ಒಂದು ಗಂಟೆ ಮಲಗಿದರೆ ರಾತ್ರಿಯ ನಿದ್ದೆಯಿಂದಲೇ ಕಿತ್ತುಕೊಂಡಂತೆ. ಕಿಟಕಿ ಪಕ್ಕ ಕೂತು ಏನಾದರೂ ಕೇಳುತ್ತಾ ಎಚ್ಚರವಾಗಿರಿ.

ಪರೀಕ್ಷೆ ಹಿಂದಿನ ರಾತ್ರಿ ಪೂರ್ತಿ ಓದಿದರೆ?

17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದವರಿಗೆ ಅದು ರಾತ್ರಿ ಹನ್ನೊಂದಕ್ಕೇ ಬಂತು. ಅಲ್ಲದೆ ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಅನಿವಾರ್ಯವಾದರೆ ನಾಲ್ಕೂವರೆ ಗಂಟೆಯಾದರೂ ಮಲಗಿ, ಬೈಕ್ ಓಡಿಸಬೇಡಿ.

ಮಲಗುತ್ತೇನೆ, ಹೊರಳಾಡುತ್ತೇನೆ, ನಿದ್ದೆ ಮಾತ್ರ ಬರುವುದಿಲ್ಲ.

ಹಾಸ್ಟೆಲ್ ಮಂಚವೇ ಓದುವ ಮೇಜು, ಊಟದ ಜಾಗ, ಸಿನಿಮಾ ಥಿಯೇಟರ್ ಆಗಿರುತ್ತದೆ. ಮಂಚ ಎಂದರೆ ಎಚ್ಚರ ಎಂದು ಮಿದುಳು ಕಲಿತುಬಿಟ್ಟಿದೆ. ಆ ಕಲಿಕೆಯನ್ನು ಬಿಡಿಸುವ ಕ್ರಮ ಇದು. ಕಣ್ಣು ಎಳೆಯುವವರೆಗೆ ಮಂಚ ಹತ್ತಬೇಡಿ. ಸುಮಾರು 20 ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಕುರ್ಚಿಯಲ್ಲೋ ವರಾಂಡದಲ್ಲೋ ಮಂದ ಬೆಳಕಿನಲ್ಲಿ ಕೂತು ಬಟ್ಟೆ ಮಡಚುವಂಥ ಕೆಲಸ ಮಾಡಿ. ಮತ್ತೆ ಜೊಂಪು ಬಂದಾಗ ಹೋಗಿ. ಎಷ್ಟೇ ಕಡಿಮೆ ಮಲಗಿದ್ದರೂ ಏಳುವ ಹೊತ್ತು ಒಂದೇ. ಮೊದಲ ಮೂರು ನಾಲ್ಕು ದಿನ ಇನ್ನೂ ಹೆಚ್ಚು ಸುಸ್ತಾಗುತ್ತದೆ. ಬಹಳ ಮಂದಿ ಬಿಡುವುದು ಅಲ್ಲೇ. ಎರಡು ವಾರ ಹಿಡಿದು ಮಾಡಿ. ಕುರ್ಚಿಯೂ ಇಲ್ಲದ ರೂಮಾದರೆ ಓದುವಾಗ ದಿಂಬನ್ನು ಕಾಲ ಕಡೆ ಹಾಕಿ ತಿರುಗಿ ಕೂರಿ, ಮಲಗುವ ದಿಕ್ಕು ಮಲಗಲಿಕ್ಕೇ ಇರಲಿ.

ಏಪ್ರಿಲ್ ಸೆಕೆ, ಸೊಳ್ಳೆ?

ಮಲಗುವ ಒಂದೆರಡು ಗಂಟೆ ಮೊದಲು ಹತ್ತು ನಿಮಿಷ ಬಿಸಿನೀರು ಹೊಯ್ದುಕೊಳ್ಳಿ. ಸೆಕೆಯಲ್ಲಿ ಬಿಸಿನೀರೇ ಎನ್ನಬೇಡಿ: ಚರ್ಮದ ರಕ್ತನಾಳಗಳು ಅಗಲವಾಗಿ ಒಳಗಿನ ಶಾಖ ಹೊರಹೋಗುತ್ತದೆ, ದೇಹ ತಣ್ಣಗಾದಾಗಲೇ ನಿದ್ದೆ ಹತ್ತುವುದು. ಸೊಳ್ಳೆಗೆ ಪರದೆಯೇ ಮೇಲು, ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿ. ಕಿಟಕಿ ಮುಚ್ಚಿದ ರೂಮಿನಲ್ಲಿ ಕಾಯಿಲ್ ಹಚ್ಚಬೇಡಿ. ಒಂದು ಕಾಯಿಲ್ ಬಿಡುವ ಸೂಕ್ಷ್ಮ ಕಣಗಳು 75 ಸಿಗರೇಟುಗಳಿಗೆ ಕಡಿಮೆಯಿಲ್ಲ ಎಂದು 2003ರ ಅಧ್ಯಯನವೊಂದು ಅಳೆದಿತ್ತು.

ಮೆಡಿಕಲ್ ಸ್ಟೋರಿನಲ್ಲಿ ನಿದ್ದೆ ಮಾತ್ರೆ ತೆಗೆದುಕೊಳ್ಳಬಹುದೇ?

ಬೇಡ. ಆಲ್ಪ್ರಝೋಲಂನಂಥವು ಶೆಡ್ಯೂಲ್ ಎಚ್1 ಔಷಧಿ, ಚೀಟಿಯಿಲ್ಲದೆ ಕೊಡುವಂತಿಲ್ಲ, ಬೇಗ ಚಟ ಹಿಡಿಯುತ್ತವೆ. ನೆಗಡಿ ಮಾತ್ರೆ ನುಂಗಿ ಮಲಗಿದರೆ ಮಂಪರು ಮರುದಿನ ತರಗತಿಗೂ ಬರುತ್ತದೆ. ಬಹುಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮೇಲೆ ಹೇಳಿದ ಥರದ ವರ್ತನಾ ಚಿಕಿತ್ಸೆ. ಅಮೆರಿಕನ್ ವೈದ್ಯರ ಕಾಲೇಜು 2016ರಲ್ಲೇ ಹಾಗೆ ಶಿಫಾರಸು ಮಾಡಿದೆ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದು ನಿದ್ರಾಹೀನತೆಯ ಕಾಯಿಲೆ, ಆದರೆ ಅಷ್ಟು ದಿನ ಕಾಯಬೇಕಾಗಿಲ್ಲ. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದು ರೂಮ್‌ಮೇಟ್ ಹೇಳಿದರೆ ಹೋಗಿ. ಸಂಜೆ ಮಲಗಿದಾಗ ಕಾಲಲ್ಲಿ ಇರುವೆ ಹರಿದಂತಾಗಿ ಕಾಲು ಆಡಿಸದೆ ಇರಲಾಗದಿದ್ದರೆ ರಕ್ತದ ಕಬ್ಬಿಣಾಂಶ, ಫೆರಿಟಿನ್ ಪರೀಕ್ಷಿಸಿ. ರಕ್ತಹೀನತೆ ಇರುವ ಹುಡುಗಿಯರಲ್ಲಿ ಇದು ಅಪರೂಪವಲ್ಲ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ನಸುಕಿನಲ್ಲೇ ಎಚ್ಚರವಾಗುತ್ತದೆ ಎಂದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬದುಕು ಸಾಕೆನಿಸಿದರೆ ಅವತ್ತೇ, ಆ ಗಳಿಗೆಯಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಉಚಿತ. ಹೊರ ರಾಜ್ಯದ ಗೆಳೆಯರಿಗೂ ಹೇಳಿ: ಕನ್ನಡ ಬಾರದಿದ್ದರೂ ಪರವಾಗಿಲ್ಲ, 20 ಭಾಷೆಗಳಲ್ಲಿ ಸೇವೆ ಇದೆ.

ವಾರ್ಡನ್ ಆಗಿ ನಾನು ಏನು ಮಾಡಬಹುದು?

ರೂಮು ಹಂಚುವಾಗ ಊರು, ಜಾತಿ, ಭಾಷೆ ನೋಡುವ ಬದಲು ಫಾರಂನಲ್ಲಿ ಎರಡು ಸಾಲು ಸೇರಿಸಿ: "ರಜೆಯಲ್ಲಿ ಎಷ್ಟು ಹೊತ್ತಿಗೆ ಮಲಗುತ್ತೀರಿ? ಎಷ್ಟು ಹೊತ್ತಿಗೆ ಏಳುತ್ತೀರಿ?" ಒಂದೂವರೆ ಗಂಟೆಗಿಂತ ಹೆಚ್ಚು ವ್ಯತ್ಯಾಸವಿರುವವರನ್ನು ಒಟ್ಟಿಗೆ ಹಾಕಬೇಡಿ. ರಾತ್ರಿ ಓದುವವರಿಗೆ ಊಟದ ಕೋಣೆಯನ್ನು ಹನ್ನೆರಡರವರೆಗೆ ತೆರೆದಿಡಿ. ಕಾರಿಡಾರಿನ ಬಿಳಿ ಟ್ಯೂಬ್‌ಲೈಟ್ ಬಾಗಿಲ ಮೇಲಿನ ಗಾಜಿನಿಂದ ನೇರ ಮೇಲಿನ ಮಂಚದ ಕಣ್ಣಿಗೆ ಬೀಳುತ್ತದೆ. ಒಮ್ಮೆ ರಾತ್ರಿ ಹನ್ನೊಂದಕ್ಕೆ ನೀವೇ ಆ ಮಂಚದ ಮೇಲೆ ಐದು ನಿಮಿಷ ಮಲಗಿ ನೋಡಿ, ಮರುದಿನ ಗಾಜಿಗೆ ಕಂದು ಕಾಗದ ಅಂಟಿಸಿ.